ಎತ್ತುವುದು ಅರ್ಧ ಗಂಟೆ, ಬಿಚ್ಚುವುದು ಎರಡು ದಿನ: ಮನೆಯಲ್ಲೇ ಪಿಕಪ್ ಟ್ರಕ್ಕಿನ ಎಂಜಿನ್ ಇಳಿಸುವ ಬಗೆ

ಪಿಕಪ್ ಟ್ರಕ್ಕಿನ ಎಂಜಿನ್ ಇಳಿಸುವುದೆಂದರೆ ಕಾಲು ಟನ್ ತೂಕದ ಎರಕದ ಕಬ್ಬಿಣವನ್ನು ಅದಕ್ಕೆ ಅಂಟಿಕೊಂಡ ಪೈಪು, ವೈರು, ಕೇಬಲ್ಲುಗಳಿಂದೆಲ್ಲ ಬಿಡಿಸಿ, ಚಾಸಿಯಿಂದ ಮೇಲಕ್ಕೆತ್ತಿ ಹೊರಗೆ ತರುವುದು. ಕರ್ನಾಟಕದಲ್ಲಿ ಇದು ಗ್ಯಾರೇಜಿನ ಕೆಲಸ. ಒಬ್ಬ ಮೇಸ್ತ್ರಿ, ಕೈಗೆ ಇಬ್ಬರು ಹುಡುಗರು, ಮೇಲಿನ ಗರ್ಡರಿಗೆ ನೇತುಹಾಕಿದ ಚೈನ್ ಬ್ಲಾಕ್ ಇದ್ದರೆ ಆಯಿತು. ಅಮೆರಿಕದಲ್ಲಿ ಮಾತ್ರ ಗಾಡಿಯ ಒಡೆಯರೇ ಮನೆಯ ಗ್ಯಾರೇಜಿನಲ್ಲಿ ಇದನ್ನು ಮಾಡಿಕೊಳ್ಳುವ ರೂಢಿ ಹಳೆಯದು. ಅಲ್ಲಿ ಮೆಕ್ಯಾನಿಕ್ಕಿನ ಕೂಲಿ ಗಂಟೆಯ ಲೆಕ್ಕದಲ್ಲಿ ಏರುತ್ತದೆ. ಊರಹೊರಗಿನ ಮನೆಗಳಿಗೆ ಸಾಮಾನ್ಯವಾಗಿ ಕಾಂಕ್ರೀಟ್ ನೆಲದ ಗ್ಯಾರೇಜು ಇರುತ್ತದೆ. ಎಂಜಿನ್ ಎತ್ತುವ ಕ್ರೇನ್ ದಿನಬಾಡಿಗೆಗೆ ಸಿಗುತ್ತದೆ. ಹಳೆಯ ಎಂಜಿನ್ ಕೊಟ್ಟು, ಮೇಲಿನ ಹಣ ಕಟ್ಟಿ, ರಿಪೇರಿಯಾದ ಎಂಜಿನ್ ತರುವ ವ್ಯಾಪಾರವೂ ಬೇರೂರಿದೆ.

ಹೊರಗಿನಿಂದ ನೋಡುವವರಿಗೆ ಈ ಕೆಲಸದ ಕಷ್ಟವೆಲ್ಲ ಎತ್ತುವುದರಲ್ಲಿದೆ ಎನಿಸುತ್ತದೆ. ನಿಜದಲ್ಲಿ ಎತ್ತುವುದಕ್ಕೆ ಅರ್ಧ ಗಂಟೆ ಸಾಕು. ಅದಕ್ಕೆ ಮುಂಚಿನ ಬಿಚ್ಚುವಿಕೆ, ಗುರುತು ಹಾಕುವಿಕೆ ಹೊಸಬರಿಗೆ ಎರಡು ದಿನ ಹಿಡಿಯುತ್ತದೆ. ಕೆಲಸ ಕೆಡುವುದೂ ಅಲ್ಲೇ.

ಯಾವ ಟ್ರಕ್ಕು, ಯಾವ ಎಂಜಿನ್

ಮೊದಲ ಸಲ ಈ ಕೆಲಸಕ್ಕೆ ಕೈಹಾಕುವವರಿಗೆ ತಕ್ಕ ಗಾಡಿ ಷೆವ್ರೊಲೆ ಸಿ-10. 1973ರಲ್ಲಿ ಶುರುವಾಗಿ 1980ರ ದಶಕದ ಕೊನೆಭಾಗದವರೆಗೆ ನಡೆದ ಅದರ ಪೀಳಿಗೆಗೆ ಚೌಕ ಮೈಕಟ್ಟಿನ ಕಾರಣ ‘ಸ್ಕ್ವೇರ್ ಬಾಡಿ’ ಎಂಬ ಹೆಸರು ಬಿದ್ದಿದೆ. ಈ ಟ್ರಕ್ಕುಗಳಲ್ಲಿ ಹೇರಳವಾಗಿ ಕಾಣುವುದು 350 ಘನ ಇಂಚಿನ, ಅಂದರೆ 5.7 ಲೀಟರಿನ ವಿ-8 ಎಂಜಿನ್. ಷೆವ್ರೊಲೆಯ ಮುಖ್ಯ ಎಂಜಿನಿಯರ್ ಎಡ್ ಕೋಲ್ ಅವರ ಮುಂದಾಳತ್ವದಲ್ಲಿ ರೂಪುಗೊಂಡು 1955ರಲ್ಲಿ ಮಾರುಕಟ್ಟೆಗೆ ಬಂದ ‘ಸ್ಮಾಲ್ ಬ್ಲಾಕ್’ ವಂಶದ್ದು ಇದು. 350ರ ಅಳತೆ ಬಂದದ್ದು 1967ರಲ್ಲಿ. ಈ ವಂಶದ ಹತ್ತು ಕೋಟಿಯನೆಯ ಎಂಜಿನ್ನನ್ನು ಷೆವ್ರೊಲೆಯ ಮಾತೃಸಂಸ್ಥೆ ಜನರಲ್ ಮೋಟರ್ಸ್ 2011ರಲ್ಲಿ ತಯಾರಿಸಿತು. ಇಷ್ಟು ಬಳಕೆಯಲ್ಲಿರುವುದರಿಂದ ಅದರ ಬಿಡಿಭಾಗವಾಗಲಿ ರಿಪೇರಿ ಕೈಪಿಡಿಯಾಗಲಿ ಇಂದಿಗೂ ಸುಲಭವಾಗಿ ಸಿಗುತ್ತದೆ.

ಗಾಡಿಯ ರಚನೆಯೂ ಅನುಕೂಲಕರ. ಎಂಜಿನ್ ಉದ್ದುದ್ದಕ್ಕೆ ಕೂತಿದೆ, ಗೇರ್ ಬಾಕ್ಸ್ ಅದರ ಬೆನ್ನಿಗಿದೆ, ಎಳೆತ ಹಿಂದಿನ ಚಕ್ರಗಳದ್ದು. ಬಾನೆಟ್ಟಿನಡಿ ನಿಂತು ಕೆಲಸ ಮಾಡುವಷ್ಟು ಜಾಗವಿದೆ. ಹೆಡ್ಡು, ಮ್ಯಾನಿಫೋಲ್ಡ್ ಸಮೇತ ಎಂಜಿನ್ನಿನ ತೂಕ ಸುಮಾರು 260 ಕೆ.ಜಿ. ಅದರ ಹಿಂದೆ ಬರುವ ಟರ್ಬೊ ಹೈಡ್ರಾಮ್ಯಾಟಿಕ್ 350 ಎಂಬ ಆಟೊಮ್ಯಾಟಿಕ್ ಗೇರ್ ಬಾಕ್ಸ್ ಇನ್ನೊಂದು 55 ಕೆ.ಜಿ. ತೂಗುತ್ತದೆ.

ಇಳಿಸಲೇಬೇಕೆ?

ಸ್ಪ್ಯಾನರ್ ಹಿಡಿಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಹೆಡ್ ಗ್ಯಾಸ್ಕೆಟ್, ಟೈಮಿಂಗ್ ಚೈನ್, ವಾಟರ್ ಪಂಪ್, ಇನ್‌ಟೇಕ್ ಮ್ಯಾನಿಫೋಲ್ಡ್ ಇವನ್ನೆಲ್ಲ ಎಂಜಿನ್ ಗಾಡಿಯಲ್ಲಿದ್ದಂತೆಯೇ ಬದಲಿಸಬಹುದು. ಬೋರ್ ಕೊರೆಸುವುದು, ಕ್ರ್ಯಾಂಕ್ ಶಾಫ್ಟ್ ಗ್ರೈಂಡ್ ಮಾಡಿಸುವುದು, ಕ್ಯಾಮ್ ಬೇರಿಂಗ್ ಬದಲಿಸುವುದು, ಬಿರುಕುಬಿಟ್ಟ ಬ್ಲಾಕನ್ನು ತೆಗೆದು ಬೇರೆಯದನ್ನು ಕೂರಿಸುವುದು ಇಳಿಸದೆ ಆಗದ ಕೆಲಸಗಳು.

ತೀರ್ಮಾನಕ್ಕೆ ನೆರವಾಗುವುದು ಕಂಪ್ರೆಷನ್ ಪರೀಕ್ಷೆ. ಎಂಟೂ ಸ್ಪಾರ್ಕ್ ಪ್ಲಗ್ ತೆಗೆದು, ಒಂದೊಂದೇ ಸಿಲಿಂಡರಿಗೆ ಗೇಜ್ ಕೂರಿಸಿ, ಸ್ಟಾರ್ಟರ್ ತಿರುಗಿಸಿ ಅಂಕಿ ಬರೆದುಕೊಳ್ಳಬೇಕು. ಅತಿ ಕಡಿಮೆ ಬಂದ ಸಿಲಿಂಡರ್ ಅತಿ ಹೆಚ್ಚು ಬಂದದ್ದರ ಶೇ 70ಕ್ಕಿಂತ ಕೆಳಗಿಳಿದಿದ್ದರೆ ಒಳಗೆ ದೋಷವಿದೆ. ಆ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಅಂಕಿ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ಸಂಶಯ ವಾಲ್ವಿನ ಅಥವಾ ಗ್ಯಾಸ್ಕೆಟ್ಟಿನ ಮೇಲೆ ಹೋಗುತ್ತದೆ. ವಾಲ್ವಿನ ದೋಷಕ್ಕೆ ಹೆಡ್ಡು ಬಿಚ್ಚಿದರೆ ಸಾಕು, ಇಡೀ ಎಂಜಿನ್ ಇಳಿಸಬೇಕಾಗಿಲ್ಲ.

ಜಾಗ ಮತ್ತು ಸಲಕರಣೆ

ನೆಲ ಸಮತಟ್ಟಾದ ಕಾಂಕ್ರೀಟಿನದ್ದಾಗಿರಬೇಕು. ಎಂಜಿನ್ ಹೊತ್ತ ಕ್ರೇನ್ ಚಿಕ್ಕ ಉಕ್ಕಿನ ಗಾಲಿಗಳ ಮೇಲೆ ಚಲಿಸುತ್ತದೆ. ಮಣ್ಣಿನಲ್ಲಿ ಅದು ಹೂತುಕೊಳ್ಳುತ್ತದೆ, ಬಿರುಕಿಗೆ ಸಿಕ್ಕರೆ ಮುಗ್ಗರಿಸುತ್ತದೆ. ಇಳಿಜಾರಿನಲ್ಲಂತೂ ಅದನ್ನು ಹಿಡಿದು ನಿಲ್ಲಿಸುವುದೇ ಕಷ್ಟ. ಟ್ರಕ್ಕಿನ ಮುಂದೆ ಕ್ರೇನ್ ಹಿಂದಕ್ಕೆ ಸರಿಯಲು ಖಾಲಿ ಜಾಗ ಬೇಕೆಂಬುದನ್ನು ಗಾಡಿ ನಿಲ್ಲಿಸುವಾಗಲೇ ನೆನಪಿಡಬೇಕು. ಬಿಚ್ಚಿದ ಮೇಲೆ ಗಾಡಿ ಕದಲುವುದಿಲ್ಲ.

ಮಡಚಿಡಬಹುದಾದ ಹೈಡ್ರಾಲಿಕ್ ಕ್ರೇನಿನ ಮೇಲೆ ಎರಡು ಟನ್ ಎಂದು ಬರೆದಿರುತ್ತದೆ. ಆ ಸಾಮರ್ಥ್ಯ ಕ್ರೇನಿನ ತೋಳು ಪೂರ್ತಿ ಒಳಗಿದ್ದಾಗ ಮಾತ್ರ. ತೋಳನ್ನು ಒಂದೊಂದು ತೂತು ಮುಂದಕ್ಕೆ ಎಳೆದಂತೆ ಅದು ಒಂದೂವರೆ ಟನ್, ಒಂದು ಟನ್ ಹೀಗೆ ಇಳಿಯುತ್ತ, ತುದಿಯಲ್ಲಿ ಅರ್ಧ ಟನ್ನಿಗೆ ಬರುತ್ತದೆ. ಪಿಕಪ್ಪಿನ ಮೂತಿ ಉದ್ದವಾದ್ದರಿಂದ ಗ್ರಿಲ್ಲಿನ ಮೇಲಿಂದ ಎಂಜಿನ್ನಿನ ನಡುಭಾಗಕ್ಕೆ ಮುಟ್ಟಲು ತೋಳನ್ನು ಎಳೆಯಲೇಬೇಕಾಗುತ್ತದೆ. 260 ಕೆ.ಜಿ.ಯ ಎಂಜಿನ್ನಿಗೆ ಆಗಲೂ ತೊಂದರೆಯಿಲ್ಲ. ಡಾಡ್ಜ್ ಟ್ರಕ್ಕುಗಳಲ್ಲಿ ಬರುವ 5.9 ಲೀಟರಿನ ಕಮಿನ್ಸ್ ಡೀಸೆಲ್ ಎಂಜಿನ್ ಸುಮಾರು 500 ಕೆ.ಜಿ. ತೂಗುತ್ತದೆ. ಅದಕ್ಕೆ ಇದೇ ಕ್ರೇನ್ ಇದೇ ತೂತಿನಲ್ಲಿ ಅಪಾಯಕಾರಿ.

ಮನೆಯ ಸೂರಿನ ಮರದ ತೊಲೆಗೆ ಚೈನ್ ಬ್ಲಾಕ್ ಕಟ್ಟುವುದು ಹಳೆಯ ಚಾಳಿ. ಅಮೆರಿಕದ ಮನೆಗಳ ತೊಲೆಗಳನ್ನು ಚಾವಣಿಯ ಭಾರಕ್ಕೆ ಲೆಕ್ಕಹಾಕಿ ಕೂರಿಸಿರುತ್ತಾರೆ. ಒಂದೇ ಬಿಂದುವಿನಲ್ಲಿ ಕಾಲು ಟನ್ ತೂಗಿಬಿಡುವುದು ಆ ಲೆಕ್ಕದಲ್ಲಿಲ್ಲ. ಬಾಡಿಗೆ ಕ್ರೇನ್ ಸಿಗುವಾಗ ಆ ಸಾಹಸ ಬೇಡ.

ಇದಲ್ಲದೆ ಬೇಕಾಗುವವು: ಅರ್ಧ ಇಂಚು, 9/16 ಇಂಚು ಮುಂತಾದ ಇಂಚಿನ ಅಳತೆಯ ಸಾಕೆಟ್ಟುಗಳು, ಉದ್ದನೆಯ ಎಕ್ಸ್‌ಟೆನ್ಷನ್ ರಾಡು, ಜಾಕು, ಜಾಕ್ ಸ್ಟ್ಯಾಂಡು, ಎತ್ತುವ ಸರಪಳಿ, ಎಂಜಿನ್ ಸ್ಟ್ಯಾಂಡ್. ಎತ್ತಿದ ಎಂಜಿನ್ನಿನ ಮೂತಿಯನ್ನು ಹಿಡಿಕೆ ತಿರುಗಿಸಿ ಮೇಲೆ ಕೆಳಗೆ ಮಾಡಬಲ್ಲ ಲೆವೆಲರ್ ಎಂಬ ಸಾಧನ ಇದ್ದರೆ ಕೆಲಸ ಹಗುರವಾಗುತ್ತದೆ. ಜೊತೆಗೆ ಇನ್ನೊಬ್ಬರು ಇರಲೇಬೇಕು.

ಬ್ಯಾಟರಿ, ನೀರು, ಎಣ್ಣೆ, ಗ್ಯಾಸು

ಮೊದಲು ಬಿಚ್ಚುವುದು ಬ್ಯಾಟರಿಯ ನೆಗೆಟಿವ್ ಕೇಬಲ್. ಪಾಸಿಟಿವ್ ಕೇಬಲ್ ನೇರವಾಗಿ ಸ್ಟಾರ್ಟರಿಗೆ ಹೋಗುವುದರಿಂದ ಕೀ ತೆಗೆದಿದ್ದರೂ ಅದರಲ್ಲಿ ಕರೆಂಟ್ ಇರುತ್ತದೆ. ಅದನ್ನು ಮೊದಲು ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ.

ಎಂಜಿನ್ ತಣ್ಣಗಾದ ಮೇಲೆ ರೇಡಿಯೇಟರಿನ ಕೆಳಗಿನ ತಿರುಪು ಸಡಿಲಿಸಿ ಕೂಲೆಂಟ್ ಇಳಿಸಬೇಕು. ಬ್ಲಾಕಿನ ಎರಡೂ ಮಗ್ಗುಲಲ್ಲಿ ಪ್ರತ್ಯೇಕ ಡ್ರೈನ್ ಪ್ಲಗ್ಗುಗಳಿವೆ. ಅವನ್ನು ತೆಗೆಯದಿದ್ದರೆ ಎಂಜಿನ್ ವಾಲಿಸಿದಾಗ ಉಳಿದ ನೀರೆಲ್ಲ ನೆಲಕ್ಕೆ ಸುರಿಯುತ್ತದೆ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿರುಚಿಯ ವಿಷ. ನಾಯಿ ಬೆಕ್ಕುಗಳು ನೆಕ್ಕಿ ಸಾಯುವುದುಂಟು. ಹಾಗಾಗಿ ಇಳಿಸಿದ್ದನ್ನು ಕೂಡಲೇ ಮುಚ್ಚಳದ ಡಬ್ಬಿಗೆ ತುಂಬಬೇಕು. ಫಿಲ್ಟರ್ ಸೇರಿ ಐದು ಲೀಟರಿನ ಆಸುಪಾಸು ಬರುವ ಎಂಜಿನ್ ಆಯಿಲ್ಲನ್ನೂ ಇದೇ ಹೊತ್ತಿಗೆ ಇಳಿಸಬೇಕು.

ಎ.ಸಿ. ಇರುವ ಟ್ರಕ್ಕಾದರೆ ಅದರ ಗ್ಯಾಸನ್ನು ಗಾಳಿಗೆ ಬಿಡುವಂತಿಲ್ಲ. ಅಮೆರಿಕದ ಶುದ್ಧ ಗಾಳಿ ಕಾಯ್ದೆಯಡಿ ಅದು ಅಪರಾಧ. ಆ ಕಾಲದ ಟ್ರಕ್ಕುಗಳಲ್ಲಿದ್ದ ಆರ್-12 ಗ್ಯಾಸ್ ಓಜೋನ್ ಪದರವನ್ನು ಕೆಡಿಸುವಂಥದ್ದು. ಆದರೆ ಹೆಚ್ಚಿನ ಸಲ ಗ್ಯಾಸ್ ತೆಗೆಯುವ ಪ್ರಮೇಯವೇ ಬರುವುದಿಲ್ಲ. ಕಂಪ್ರೆಸರನ್ನು ಹೋಸುಗಳ ಸಮೇತ ಬ್ರ್ಯಾಕೆಟ್ಟಿನಿಂದ ಬಿಚ್ಚಿ, ಮಗ್ಗುಲಿಗೆ ಸರಿಸಿ ಕಟ್ಟಿಡಬಹುದು. ಪವರ್ ಸ್ಟೀರಿಂಗ್ ಪಂಪಿಗೂ ಇದೇ ಉಪಾಯ ಸಾಕು.

ಗುರುತು ಹಾಕುವುದು

ಎಂಜಿನ್ ಮತ್ತೆ ಕೂರುವುದು ವಾರಗಳ ನಂತರ, ಕೆಲವೊಮ್ಮೆ ತಿಂಗಳುಗಳ ನಂತರ. ಅಷ್ಟರಲ್ಲಿ ಯಾವ ಹೋಸು ಎಲ್ಲಿತ್ತೆಂಬುದು ಯಾರಿಗೂ ನೆನಪಿರುವುದಿಲ್ಲ. ಆದ್ದರಿಂದ ಬಿಚ್ಚುವ ಮೊದಲು ಎಲ್ಲ ಕೋನಗಳಿಂದ ಫೋಟೊ ತೆಗೆಯಬೇಕು. ಪ್ರತಿ ವೈರಿನ, ವ್ಯಾಕ್ಯೂಮ್ ಹೋಸಿನ ಎರಡೂ ತುದಿಗೆ ಟೇಪ್ ಸುತ್ತಿ ಒಂದೇ ಸಂಖ್ಯೆ ಬರೆಯಬೇಕು. ಬೋಲ್ಟುಗಳನ್ನು ಭಾಗವಾರು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಲದ ಮೇಲೆ ಹೆಸರು ಬರೆಯಬೇಕು. ವಾಟರ್ ಪಂಪಿನ, ಬ್ರ್ಯಾಕೆಟ್ಟುಗಳ ಬೋಲ್ಟುಗಳು ದಪ್ಪದಲ್ಲಿ ಒಂದೇ ಇದ್ದರೂ ಉದ್ದದಲ್ಲಿ ಬೇರೆ ಬೇರೆ. ಗಿಡ್ಡ ಬೋಲ್ಟಿನ ಜಾಗಕ್ಕೆ ಉದ್ದನೆಯದು ಹೋದರೆ ಎರಕ ಸೀಳಬಹುದು. ರಟ್ಟಿನ ಮೇಲೆ ಭಾಗದ ಚಿತ್ರ ಬರೆದು, ಬೋಲ್ಟುಗಳನ್ನು ಅದೇ ಸ್ಥಾನದಲ್ಲಿ ಚುಚ್ಚಿಡುವುದು ಹಳಬರ ವಿಧಾನ. ಅದು ಇಂದಿಗೂ ಕೆಲಸಕ್ಕೆ ಬರುತ್ತದೆ.

ಮುಂಭಾಗ ಮತ್ತು ಮೇಲ್ಭಾಗ

ಬಾನೆಟ್ಟಿನ ಕೀಲುಗಳ ಸುತ್ತ ಗೆರೆ ಎಳೆದು, ಇಬ್ಬರು ಹಿಡಿದು ಅದನ್ನು ತೆಗೆಯಬೇಕು. ಗೆರೆ ಇದ್ದರೆ ಮರಳಿ ಕೂರಿಸುವಾಗ ಸಂದು ಸರಿಹೊಂದಿಸುವ ಪೀಕಲಾಟವಿಲ್ಲ. ಬಳಿಕ ಫ್ಯಾನಿನ ಸುತ್ತಲಿನ ಕವಚ, ಫ್ಯಾನು, ಬೆಲ್ಟುಗಳು, ರೇಡಿಯೇಟರಿನ ಹೋಸುಗಳು ಬರುತ್ತವೆ. ಆಟೊಮ್ಯಾಟಿಕ್ ಗೇರ್ ಬಾಕ್ಸ್ ಇದ್ದರೆ ಅದರ ಎಣ್ಣೆ ತಣಿಸುವ ಎರಡು ಪೈಪುಗಳೂ ರೇಡಿಯೇಟರಿಗೆ ಬಂದು ಸೇರಿರುತ್ತವೆ. ಅವನ್ನು ಬಿಚ್ಚಿ, ತುದಿ ಮುಚ್ಚಿ, ರೇಡಿಯೇಟರನ್ನು ಮೇಲಕ್ಕೆ ಎತ್ತಿದರೆ ಎಂಜಿನ್ನಿನ ಮುಂದೆ ದಾರಿ ತೆರೆಯುತ್ತದೆ.

ಮೇಲ್ಭಾಗದಲ್ಲಿ ಏರ್ ಕ್ಲೀನರ್, ಆಕ್ಸಿಲರೇಟರ್ ಕೇಬಲ್, ಹೀಟರಿನ ಎರಡು ಹೋಸು, ಆಲ್ಟರ್ನೇಟರ್ ಬಿಚ್ಚಬೇಕು. ಪೆಟ್ರೋಲ್ ಪಂಪ್ ಎಂಜಿನ್ನಿನ ಬಲಮಗ್ಗುಲ ಮುಂದಿದೆ. ಅದಕ್ಕೆ ಟ್ಯಾಂಕಿನಿಂದ ಬರುವ ಹೋಸನ್ನು ಕಿತ್ತೊಡನೆ ತುದಿಗೆ ಬೆಣೆ ಹಾಕದಿದ್ದರೆ ಪೆಟ್ರೋಲ್ ಹರಿಯುತ್ತಲೇ ಇರಬಹುದು. ಈ ಹೊತ್ತಿನಲ್ಲಿ ಗ್ಯಾರೇಜಿನ ಬಾಗಿಲು ತೆರೆದಿರಬೇಕು, ಬೆಂಕಿ ಕಾಣುವ ಹೀಟರು, ಬಾಯ್ಲರು ಆರಿರಬೇಕು. ಫ್ಯುಯೆಲ್ ಇಂಜೆಕ್ಷನ್ ಇರುವ ಮುಂದಿನ ಕಾಲದ ಟ್ರಕ್ಕುಗಳಲ್ಲಿ ಎಂಜಿನ್ ನಿಂತ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ ಅದನ್ನು ಇಳಿಸದೆ ಪೈಪು ಬಿಚ್ಚಿದರೆ ಪೆಟ್ರೋಲ್ ಮುಖಕ್ಕೆ ಸಿಡಿಯುತ್ತದೆ.

ಈ ಎಂಜಿನ್ನಿನ ಡಿಸ್ಟ್ರಿಬ್ಯೂಟರ್ ಹಿಂಬದಿಯಲ್ಲಿ, ಕ್ಯಾಬಿನ್ನಿನ ಗೋಡೆಗೆ ತಾಗಿದಂತೆ ಇದೆ. 1970ರ ದಶಕದ ನಡುವಿನಿಂದ ಬಂದ ಎಲೆಕ್ಟ್ರಾನಿಕ್ ಮಾದರಿಯ ಕ್ಯಾಪು ಇನ್ನೂ ದೊಡ್ಡದು. ಎಂಜಿನ್ ವಾಲಿದಾಗ ಮೊದಲು ಒಡೆಯುವುದೇ ಅದು. ರೋಟರ್ ಯಾವ ದಿಕ್ಕಿಗಿದೆ, ತಳಭಾಗ ಎಲ್ಲಿ ಕೂತಿದೆ ಎಂದು ಗುರುತು ಮಾಡಿಕೊಂಡು ಅದನ್ನು ತೆಗೆದಿಡುವುದು ಜಾಣತನ. ಮರುಜೋಡಣೆಗೆ ಬೇಕಾಗುವ ಫೈರಿಂಗ್ ಆರ್ಡರ್ 1-8-4-3-6-5-7-2. ರೋಟರ್ ತಿರುಗುವುದು ಗಡಿಯಾರದ ದಿಕ್ಕಿನಲ್ಲಿ. ಆಯಿಲ್ ಪ್ರೆಷರ್ ತೋರಿಸುವ ಸೆಂಡರ್ ಕೂಡ ಇದೇ ಮೂಲೆಯಲ್ಲಿದೆ. ಕಾರ್ಬ್ಯುರೇಟರನ್ನೂ ತೆಗೆದು ಮ್ಯಾನಿಫೋಲ್ಡಿನ ಬಾಯಿ ಮುಚ್ಚಬೇಕು. ಒಳಗೆ ಬಿದ್ದ ಒಂದು ನಟ್ಟು ಪಿಸ್ಟನ್ನನ್ನೇ ಹಾಳುಮಾಡಬಲ್ಲದು.

ಬಹಳ ಜನ ಮರೆಯುವ ವಸ್ತು ಎಂಜಿನ್ನಿನ ಹಿಂಭಾಗದಿಂದ ಕ್ಯಾಬಿನ್ನಿನ ಗೋಡೆಗೆ ಹೋಗುವ ಅರ್ಥ್ ಪಟ್ಟಿ. ಹೆಣೆದ ತಂತಿಯ ಈ ತೆಳು ಪಟ್ಟಿ ಎಣ್ಣೆಮಸಿಯಲ್ಲಿ ಮರೆಯಾಗಿರುತ್ತದೆ. ಎತ್ತುವಾಗ ಎಂಜಿನ್ ಒಂದು ಮೂಲೆಯಲ್ಲಿ ಕಾರಣವಿಲ್ಲದೆ ಜಗ್ಗುತ್ತಿದೆ ಎನಿಸಿದರೆ ನೋಡಬೇಕಾದ ಮೊದಲ ಜಾಗ ಅದು.

ಕೆಳಭಾಗ

ಟ್ರಕ್ಕನ್ನು ಜಾಕಿನಿಂದ ಎತ್ತಿ, ಚಾಸಿಯ ಕೆಳಗೆ ಜಾಕ್ ಸ್ಟ್ಯಾಂಡ್ ಕೊಟ್ಟ ಮೇಲಷ್ಟೇ ಅಡಿಗೆ ಹೋಗಬೇಕು. ಬರಿಯ ಜಾಕನ್ನು ನಂಬಿ ಯಾರೂ ಕೆಳಗೆ ಮಲಗಬಾರದು.

ಹೆಚ್ಚು ಕಾಡುವುದು ಸೈಲೆನ್ಸರ್ ಪೈಪು ಮ್ಯಾನಿಫೋಲ್ಡಿಗೆ ಸೇರುವ ಸ್ಟಡ್ಡುಗಳು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಉತ್ತರದ ರಾಜ್ಯಗಳಲ್ಲಿ ಇವು ತುಕ್ಕಿನಿಂದ ಕಚ್ಚಿಕೊಂಡಿರುತ್ತವೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು ನೆನೆಯಲು ಬಿಡಬೇಕು. ಆರು ಮೂಲೆಯ ಸಾಕೆಟ್ಟನ್ನೇ ಬಳಸಬೇಕು; ಹನ್ನೆರಡು ಮೂಲೆಯದು ನಟ್ಟಿನ ಅಂಚನ್ನು ಉಜ್ಜಿಹಾಕುತ್ತದೆ. ಬಳಿಕ ಬಲಮಗ್ಗುಲ ಕೆಳಗಿರುವ ಸ್ಟಾರ್ಟರನ್ನು ಎರಡು ಉದ್ದನೆಯ ಬೋಲ್ಟು ತೆಗೆದು ಇಳಿಸಬೇಕು.

ಮುಂದಿನ ನಿರ್ಧಾರ ಗೇರ್ ಬಾಕ್ಸ್ ಗಾಡಿಯಲ್ಲೇ ಇರಬೇಕೆ, ಎಂಜಿನ್ನಿನ ಜೊತೆ ಬರಬೇಕೆ ಎಂಬುದು. ಜೊತೆಯಾಗಿ ತೆಗೆದರೆ ಗೇರ್ ಬಾಕ್ಸ್ ಎಂಜಿನ್ನಿಗೆ ಸೇರುವ ಬೆಲ್ ಹೌಸಿಂಗಿನ ಮೇಲಿನ ಬೋಲ್ಟುಗಳ ಕಾಟ ತಪ್ಪುತ್ತದೆ. ಆದರೆ ಉದ್ದ, ತೂಕ ಎರಡೂ ಹೆಚ್ಚಿ, ಕಡಿದಾದ ಕೋನದಲ್ಲಿ ಎತ್ತಬೇಕಾಗುತ್ತದೆ. ಪ್ರೊಪೆಲ್ಲರ್ ಶಾಫ್ಟನ್ನೂ ಹಿಂದಿನ ಕ್ರಾಸ್ ಮೆಂಬರನ್ನೂ ಬಿಚ್ಚಬೇಕಾಗುತ್ತದೆ. ಮನೆಯಲ್ಲಿ ಮಾಡುವವರು ಸಾಮಾನ್ಯವಾಗಿ ಎಂಜಿನ್ ಒಂದನ್ನೇ ತೆಗೆಯುತ್ತಾರೆ.

ಹಾಗೆ ತೆಗೆಯುವಾಗ, ಎಂಜಿನ್ನಿನ ಶಕ್ತಿಯನ್ನು ಆಟೊಮ್ಯಾಟಿಕ್ ಗೇರ್ ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಗೇರ್ ಬಾಕ್ಸಿನಲ್ಲೇ ಉಳಿಯಬೇಕು. ಕೆಳಗಿನ ತಗಡಿನ ಮುಚ್ಚಳ ತೆಗೆದರೆ ಅದನ್ನು ಕ್ರ್ಯಾಂಕ್ ಶಾಫ್ಟಿನ ಹಿಂಬದಿಯ ಫ್ಲೆಕ್ಸ್ ಪ್ಲೇಟಿಗೆ ಹಿಡಿದ ಮೂರು ಬೋಲ್ಟುಗಳಲ್ಲಿ ಒಂದು ಕಾಣುತ್ತದೆ. ಕ್ರ್ಯಾಂಕ್ ಶಾಫ್ಟನ್ನು ಮುಂದಿನಿಂದ ತಿರುಗಿಸುತ್ತ ಉಳಿದೆರಡನ್ನೂ ಕಣ್ಣೆದುರಿಗೆ ತಂದು ಬಿಚ್ಚಿ, ಕನ್ವರ್ಟರನ್ನು ಹಿಂದಕ್ಕೆ ತಳ್ಳಬೇಕು. ಆಮೇಲೆ ಬೆಲ್ ಹೌಸಿಂಗಿನ ಆರು ಬೋಲ್ಟುಗಳು. ಮೇಲಿನ ಎರಡಕ್ಕೆ ಗಾಡಿಯ ಅಡಿಯಿಂದ ಉದ್ದನೆಯ ಎಕ್ಸ್‌ಟೆನ್ಷನ್ ಹಾಕಿಯೇ ತಲುಪಬೇಕು. ಕೊನೆಯ ಬೋಲ್ಟು ತೆಗೆಯುವ ಮುನ್ನ ಗೇರ್ ಬಾಕ್ಸಿನ ಕೆಳಗೆ ಮರದ ಹಲಗೆಯಿಟ್ಟು ಜಾಕ್ ಕೊಡಬೇಕು. ಎಂಜಿನ್ ಹೋದ ಮೇಲೆ ಅದರ ಮೂತಿಗೆ ಬೇರೆ ಆಧಾರವಿಲ್ಲ.

ಎತ್ತುವುದು

ಎತ್ತುವ ಮೊದಲು ಟ್ರಕ್ಕನ್ನು ಸ್ಟ್ಯಾಂಡಿನಿಂದ ಇಳಿಸಿ, ಹಿಂದಿನ ಚಕ್ರಗಳಿಗೆ ಅಡೆ ಕೊಡಬೇಕು. ಗಾಡಿ ತಗ್ಗಿದಷ್ಟೂ ಎಂಜಿನ್ ಏರಬೇಕಾದ ಎತ್ತರ ಕಡಿಮೆ. ಸರಪಳಿಯ ಒಂದು ತುದಿಯನ್ನು ಒಂದು ಹೆಡ್ಡಿನ ಮುಂಭಾಗಕ್ಕೂ ಇನ್ನೊಂದನ್ನು ಎದುರು ಹೆಡ್ಡಿನ ಹಿಂಭಾಗಕ್ಕೂ ಮೂಲೆಯಿಂದ ಮೂಲೆಗೆ ಕಟ್ಟಬೇಕು. ಬಳಸುವ ಬೋಲ್ಟು ಗ್ರೇಡ್ 8ರದ್ದಾಗಿದ್ದು, ದಪ್ಪ ವಾಷರ್ ಇದ್ದು, ಕನಿಷ್ಠ ತನ್ನ ದಪ್ಪದ ಒಂದೂವರೆ ಪಟ್ಟು ಉದ್ದ ಒಳಗೆ ಕಚ್ಚಿರಬೇಕು. ಬೋಲ್ಟು ಹೊರಗೆ ಉದ್ದಕ್ಕೆ ಚಾಚಿಕೊಂಡು ಸರಪಳಿ ಅದರ ತುದಿಯಲ್ಲಿ ತೂಗಿದರೆ ಬೋಲ್ಟು ಬಾಗುತ್ತದೆ.

ಕ್ರೇನ್ ತುಸು ಬಿಗಿದು, ಎಂಜಿನ್ನಿನ ಭಾರ ಸರಪಳಿಗೆ ಬಂದ ಮೇಲೆ ಎರಡು ಮಗ್ಗುಲಿನ ಎಂಜಿನ್ ಮೌಂಟಿಂಗ್ ಬೋಲ್ಟು ಎಳೆಯಬೇಕು. ಆಮೇಲೆ ಒಂದೆರಡು ಇಂಚು ಎತ್ತಿ, ಗೇರ್ ಬಾಕ್ಸಿನ ಜಾಕನ್ನೂ ಅಷ್ಟೇ ಏರಿಸಿ, ಎಂಜಿನ್ನನ್ನು ಮುಂದಕ್ಕೆ ಎಳೆಯಬೇಕು. ಎರಡರ ನಡುವೆ ಇಡೀ ಸುತ್ತಿಗೂ ಒಂದೇ ಸಮನೆ ಸಂದು ಬಿಡಬೇಕು. ಬಾರದಿದ್ದರೆ ಒಂದು ಬೋಲ್ಟು ಎಲ್ಲೋ ಉಳಿದಿದೆ ಎಂದೇ ಅರ್ಥ. ಆಗ ಕ್ರೇನಿನ ಬಲ ಹಾಕದೆ ನಿಲ್ಲಿಸಿ ಹುಡುಕಬೇಕು. ಕೈಗೇರಿನ ಟ್ರಕ್ಕಾದರೆ ಇನ್‌ಪುಟ್ ಶಾಫ್ಟ್ ಕ್ಲಚ್ ಪ್ಲೇಟಿನಿಂದ ಪೂರ್ತಿ ಹೊರಬರುವವರೆಗೆ ನೇರವಾಗಿಯೇ ಎಳೆಯಬೇಕು. ಭಾರ ಶಾಫ್ಟಿನ ಮೇಲೆ ಬಿದ್ದರೆ ಅದು ಬಾಗುತ್ತದೆ.

ಬೇರ್ಪಟ್ಟ ಮೇಲೆ ಲೆವೆಲರಿನಿಂದ ಎಂಜಿನ್ನಿನ ಮೂತಿ ಮೇಲೆತ್ತಿ, ಸ್ವಲ್ಪ ಏರಿಸುವುದು, ಸುತ್ತ ನೋಡುವುದು, ಮತ್ತೆ ಏರಿಸುವುದು ಹೀಗೆ ಸಾಗಬೇಕು. ಒಬ್ಬರು ಕ್ರೇನಿನ ಬಳಿ, ಇನ್ನೊಬ್ಬರು ಎಂಜಿನ್ ಕಡೆ. ಕೈ, ಕಾಲು ಯಾವುದೂ ತೂಗುವ ಎಂಜಿನ್ನಿನ ಕೆಳಗೆ ಹೋಗಬಾರದು. ಗ್ರಿಲ್ಲು ದಾಟಿದೊಡನೆ ಎಂಜಿನ್ನನ್ನು ನೆಲಕ್ಕೆ ಅರ್ಧ ಅಡಿಯಷ್ಟು ಹತ್ತಿರಕ್ಕೆ ಇಳಿಸಿ, ಅನಂತರವೇ ಕ್ರೇನ್ ತಳ್ಳಬೇಕು. ಎತ್ತರದಲ್ಲಿ ತೂಗುತ್ತಿರುವಾಗ ತಳ್ಳಿದರೆ ಕ್ರೇನ್ ಮಗುಚುತ್ತದೆ.

ಇಳಿಸಿದ ಮೇಲೆ

ಫ್ಲೆಕ್ಸ್ ಪ್ಲೇಟ್ ಅಥವಾ ಫ್ಲೈವೀಲ್ ತೆಗೆದು, ಬೆಲ್ ಹೌಸಿಂಗಿನ ತೂತುಗಳಿಗೆ ಬೋಲ್ಟು ಕೊಟ್ಟು, ಎಂಜಿನ್ನನ್ನು ಸ್ಟ್ಯಾಂಡಿಗೆ ಕೂರಿಸಬೇಕು. ಗೇರ್ ಬಾಕ್ಸಿನ ಬಾಯಿಗೆ ಅಡ್ಡಪಟ್ಟಿ ಕಟ್ಟಿ, ಕನ್ವರ್ಟರ್ ಜಾರದಂತೆ ನೋಡಿಕೊಳ್ಳಬೇಕು. ಮರಳಿ ಜೋಡಿಸುವಾಗ ಅದು ಗೇರ್ ಬಾಕ್ಸಿನ ಪಂಪಿನಲ್ಲಿ ಪೂರ್ತಿ ಕೂತಿದೆಯೇ ಎಂದು ನೋಡದೆ ಬೋಲ್ಟು ಬಿಗಿದರೆ ಪಂಪು ಒಡೆಯುತ್ತದೆ.

ಎಂಜಿನ್ ಹೊರಗಿರುವಾಗ ಅಗ್ಗವಾಗಿ, ಒಳಗಿದ್ದಾಗ ದುಬಾರಿಯಾಗಿ ಆಗುವ ಕೆಲವು ಕೆಲಸಗಳಿವೆ: ಕ್ರ್ಯಾಂಕ್ ಶಾಫ್ಟಿನ ಹಿಂದಿನ ಆಯಿಲ್ ಸೀಲ್, ಬ್ಲಾಕಿನ ಮಗ್ಗುಲ ಫ್ರೀಜ್ ಪ್ಲಗ್ಗುಗಳು, ಮೌಂಟಿಂಗ್ ರಬ್ಬರುಗಳು, ಗೇರ್ ಬಾಕ್ಸಿನ ಮುಂದಿನ ಸೀಲ್, ಕೈಗೇರಿನದಾದರೆ ಕ್ಲಚ್ ಪ್ಲೇಟು ಮತ್ತು ರಿಲೀಸ್ ಬೇರಿಂಗು. ಇವನ್ನು ಆಗಲೇ ಬದಲಿಸಿದರೆ ಎಂಜಿನ್ನನ್ನು ಎರಡನೇ ಸಲ ಇಳಿಸುವ ಕಷ್ಟ ತಪ್ಪುತ್ತದೆ.

ಹಳೆಯ ಆಯಿಲ್ಲನ್ನು ಚರಂಡಿಗೆ ಸುರಿಯುವಂತಿಲ್ಲ. ಒಂದು ಗ್ಯಾಲನ್ ಹಳೆ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ಬಿಡಿಭಾಗಗಳ ಅಂಗಡಿಗಳು ಅದನ್ನು ಮರುಬಳಕೆಗೆ ತೆಗೆದುಕೊಳ್ಳುತ್ತವೆ.

ಕಾಯ್ದೆಯ ಮಿತಿ

ಸ್ವಂತ ಮನೆ, ಸ್ವಂತ ಗಾಡಿ ಎಂದ ಮಾತ್ರಕ್ಕೆ ಎಲ್ಲೆಡೆ ಈ ಕೆಲಸಕ್ಕೆ ಅನುಮತಿಯಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕೌಂಟಿಯ ನಿಯಮವು ಮನೆಗಳಲ್ಲಿ ಸಾಮಾನ್ಯವಾಗಿ ಇರದ ಸಲಕರಣೆ ಬಳಸಿ ವಸತಿ ಪ್ರದೇಶದಲ್ಲಿ ವಾಹನ ರಿಪೇರಿ ಮಾಡುವುದನ್ನು ತಡೆಯುತ್ತದೆ. ಹಲವು ಬಡಾವಣೆಗಳ ನಿವಾಸಿ ಸಂಘಗಳೂ ಮನೆ ಮುಂದೆ ಬಿಚ್ಚಿದ ಗಾಡಿ ನಿಲ್ಲಿಸಲು ಬಿಡುವುದಿಲ್ಲ. 1976 ಮತ್ತು ನಂತರದ ಪೆಟ್ರೋಲ್ ವಾಹನಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ಹೊಗೆ ತಪಾಸಣೆಯಿದೆ. ಬೇರೆ ಎಂಜಿನ್ ಕೂರಿಸಿದರೂ ಹೊಗೆ ನಿಯಂತ್ರಣದ ಸಾಧನಗಳು ಇರಲೇಬೇಕು.

ಎಲ್ಲ ಪಿಕಪ್ಪುಗಳೂ ಸಿ-10ರಷ್ಟು ಸುಲಭವಲ್ಲ. 2003ರಿಂದ ಕೆಲವು ವರ್ಷ ಫೋರ್ಡ್ ಸೂಪರ್ ಡ್ಯೂಟಿ ಟ್ರಕ್ಕುಗಳಲ್ಲಿ ಬಂದ 6.0 ಲೀಟರಿನ ಡೀಸೆಲ್ ಎಂಜಿನ್ನಿನ ದೊಡ್ಡ ರಿಪೇರಿಗೆ ಗ್ಯಾರೇಜಿನವರು ಇಡೀ ಕ್ಯಾಬಿನ್ನನ್ನೇ ಚಾಸಿಯಿಂದ ಮೇಲೆತ್ತುತ್ತಾರೆ. ಅದಕ್ಕೆ ದೊಡ್ಡ ಲಿಫ್ಟ್ ಬೇಕು. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಹಳೆಯ, ಸರಳ ರಚನೆಯ ಟ್ರಕ್ಕು, ಸಮತಟ್ಟು ನೆಲ, ತಕ್ಕ ಕ್ರೇನ್, ಒಬ್ಬ ಜೊತೆಗಾರ, ಆತುರವಿಲ್ಲದ ಎರಡು ದಿನ ಇವೆಲ್ಲ ಕೂಡಿಬಂದರೆ ಮನೆಯಲ್ಲೇ ಎಂಜಿನ್ ಇಳಿಸಬಹುದು. ಇವುಗಳಲ್ಲಿ ಒಂದು ಕಡಿಮೆಯಾದರೂ ಗ್ಯಾರೇಜಿಗೆ ಒಪ್ಪಿಸುವುದೇ ಲೇಸು.